ವಿಭೂತಿ ಹಚ್ಚಿದ ಬಂದೂಕಿಗೆ ಬೊನಿ ಅಂಕಲ್ ಕಟ್ಟಿದ ಬೆಲೆ

೨೦೧೬, ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ: ಮೆಲ್ಬರ್ನ್‌ನ ಪಶ್ಚಿಮ ಅಂಚಿನ ಒಂದು ಬಂದೂಕಿನ ಅಂಗಡಿ. ಹಾಜರಿದ್ದವರು: ಸಿಡ್ನಿಯಿಂದ ಬೆಳಗಿನ ವಿಮಾನದಲ್ಲಿ ಬಂದಿಳಿದಿದ್ದ ಬೊನಿ ಅಂಕಲ್, ಬಂದೂಕು ಮಾರಬೇಕಾಗಿದ್ದ ವಸುಧಾ, ಅಂಗಡಿಯ ಯಜಮಾನ ಗ್ಲೆನ್, ಮತ್ತು ಕಾರು ಓಡಿಸಿಕೊಂಡು ಬಂದ ನಾನು. ಕೌಂಟರಿನ ಮೇಲೆ ಹಸಿರು ಬಟ್ಟೆ ಹಾಸಿ, ದುರ್ಬೀನು ಕೂರಿಸಿದ ದಪ್ಪ ನಳಿಗೆಯ ರೈಫಲ್ ಒಂದನ್ನು ಅದರ ಚೀಲದ ಪಕ್ಕದಲ್ಲಿ ಮಲಗಿಸಿದ್ದರು. ಬೊನಿ ಅಂಕಲ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಸೊಂಟ ಬಗ್ಗಿಸಿ, ಕಣ್ಣು ಮುಚ್ಚಿ, ಬಂದೂಕನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಮೂಸಿದರು.

ಗ್ಲೆನ್ ನನ್ನ ಕಡೆ ತಿರುಗಿದ. "ಇವರು ಏನು ಮಾಡ್ತಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ.

"ಬೆಲೆ ಕಟ್ಟುತ್ತಿದ್ದಾರೆ" ಎಂದೆ.

ಮೂಸದೆ ಬೊನಿ ಅಂಕಲ್ ಯಾವುದಕ್ಕೂ ಬೆಲೆ ಹೇಳಿದವರಲ್ಲ. ಫ್ರಿಜ್ಜಿನ ಬಾಗಿಲು ತೆಗೆದು ತಲೆ ಒಳಗಿಟ್ಟು ಮೂಸುತ್ತಿದ್ದರು. ಸೋಫಾದ ದಿಂಬು ಎತ್ತಿ ಮೂಸುತ್ತಿದ್ದರು. ಮಂಗಳೂರಿನ ಬಂದರಿನಲ್ಲಿ ಮೀನಿನ ಕಿವಿರು ಎತ್ತಿ ಮೂಸಿ ಕಲಿತ ವಿದ್ಯೆ ಅದು. ಆಸ್ಟ್ರೇಲಿಯಾಕ್ಕೆ ಬಂದು ಇಪ್ಪತ್ತು ವರ್ಷವಾದರೂ ಬಿಟ್ಟಿರಲಿಲ್ಲ. "ಕಣ್ಣಿಗೆ ಪೇಂಟ್ ಹೊಡೀಬಹುದು, ಕಿವಿಗೆ ಸುಳ್ಳು ಹೇಳ್ಬಹುದು. ಮೂಗಿಗೆ ಎಂತ ಮಾಡ್ತೀರಿ?" ಎನ್ನುತ್ತಿದ್ದರು.

ಅವರ ಪೂರ್ತಿ ಹೆಸರು ಬೊನಿಫಾಸ್. ಊರಿನಲ್ಲಿ ವಿಮಾ ಕಂಪನಿಯ ಸರ್ವೇಯರ್ ಆಗಿದ್ದವರು. ಅಪಘಾತವಾದ ಲಾರಿಯನ್ನು ನೋಡಿ, ಆದ ನಷ್ಟ ಎಷ್ಟೆಂದು ಕಂಪನಿಗೆ ತಿಳಿಸುವುದು ಅವರ ಕೆಲಸ. ಮಾಲೀಕ ಅಳುತ್ತ ನಿಂತಿದ್ದರೆ ಇವರು ಜಜ್ಜಿಹೋದ ಬಾನೆಟ್ಟಿನ ಮೇಲೆ ಬೆರಳಾಡಿಸಿ "ಇದು ಹಳೇ ಪೆಟ್ಟು" ಎನ್ನುತ್ತಿದ್ದರಂತೆ. ಆಮೇಲೆ ಮಗಳ ಹಿಂದೆ ಸಿಡ್ನಿಗೆ ಬಂದು ಟೂಂಗಾಬಿಯಲ್ಲಿ ನೆಲೆಸಿ, ಒಂದು ಗೋದಾಮಿನ ಗೇಟಿನಲ್ಲಿ ಕೂತು ನಿವೃತ್ತರಾದರು. ನನಗೆ ಅವರ ಪರಿಚಯವಾದದ್ದು ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯ ಆಸ್ಪತ್ರೆಯಲ್ಲಿ, ನಾನು ನರ್ಸ್ ಆಗಿದ್ದ ವಾರ್ಡಿನಲ್ಲಿ. ಬಲಭುಜದ ಆಪರೇಷನ್ ಆಗಿ, ಅರಿವಳಿಕೆ ಇಳಿದು ಕಣ್ಣು ಬಿಟ್ಟವರು ಮೊದಲು ಕೇಳಿದ್ದು ನೀರಲ್ಲ. "ಸಿಸ್ಟರ್, ಈ ಮಂಚ ಎಷ್ಟಕ್ಕೆ ತಂದ್ರು?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಎಡಗೈಯಿಂದ ಮಂಚದ ಸರಳನ್ನು ಅಲ್ಲಾಡಿಸಿ, "ಎಷ್ಟಾದ್ರೂ ಜಾಸ್ತಿ" ಎಂದು ಮತ್ತೆ ನಿದ್ದೆಹೋದರು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ಸಿಸ್ಟರ್.

ಟೂಂಗಾಬಿಯ ನಮ್ಮ ಜನ ಹಳೆಯದು ಏನನ್ನೇ ಕೊಳ್ಳಲಿ, ಬೊನಿ ಅಂಕಲ್‌ರನ್ನು ಜೊತೆಗೆ ಕರೆದೊಯ್ಯದೆ ಕೊಳ್ಳುತ್ತಿರಲಿಲ್ಲ. ಹೊಸದಾಗಿ ಪಿಆರ್, ಅಂದರೆ ಕಾಯಂ ನೆಲೆಸುವ ಹಕ್ಕು, ಸಿಕ್ಕ ಗಂಡಹೆಂಡತಿ ಒಂದು ಕಾರು ನೋಡಲು ಅವರನ್ನು ಕರೆದುಕೊಂಡು ಹೋದರು. ಅಂಕಲ್ ಮೂಸಿದರು, ಚಕ್ರಕ್ಕೆ ಒದ್ದರು, ಬಾನೆಟ್ಟಿನ ಮೇಲೆ ಬೆರಳಾಡಿಸಿ "ಹಳೇ ಪೆಟ್ಟು" ಎಂದರು. ಬೆಲೆಯನ್ನು ಎಳೆದೆಳೆದು ಎಷ್ಟು ಕೆಳಗೆ ತಂದರೆಂದರೆ ಮಾರುವವನು ಮಾತಾಡದೆ ಅದೇ ಕಾರಿನಲ್ಲಿ ಕೂತು ಮನೆಗೆ ಹೊರಟುಹೋದ. ದಂಪತಿ ಆ ಚಳಿಗಾಲವೆಲ್ಲ ಬಸ್ ಸ್ಟಾಪಿನಲ್ಲಿ ನಡುಗುತ್ತ ನಿಂತರು. ಆದರೂ ಸಿಕ್ಕವರಿಗೆಲ್ಲ "ಬೊನಿ ಅಂಕಲ್ ಇಲ್ದಿದ್ರೆ ನಾವು ಮೋಸ ಹೋಗ್ತಿದ್ವಿ" ಎಂದು ಹೇಳಿಕೊಂಡರು. ಅವರ ಹೆಸರು ಇನ್ನೂ ಏರಿತು.

ಇಷ್ಟಾಗಿ ಅವರ ಬೆಲೆಗಳು ಪೇಟೆಯ ಬೆಲೆಗಿಂತ ಯಾವಾಗಲೂ ಅಷ್ಟು ಕಡಿಮೆ ಇರುತ್ತಿದ್ದುದು ಏಕೆ ಎಂಬುದು ನನಗೆ ಬಹಳ ಕಾಲ ತಿಳಿಯಲಿಲ್ಲ. ಕಾರಣ ನಾವೇ. ನಮ್ಮವರಲ್ಲಿ ಒಂದು ಪದ್ಧತಿಯಿದೆ: ಕೊಂಡ ವಸ್ತುವಿನ ಬೆಲೆಯನ್ನು ಇದ್ದಂತೆ ಹೇಳುವುದಿಲ್ಲ. ಯುಗಾದಿ ಪಿಕ್ನಿಕ್ಕಿನಲ್ಲಿ "ಎಷ್ಟಕ್ಕೆ ಬಿತ್ತು?" ಎಂದು ಕೇಳಿದರೆ ಕೊಟ್ಟದ್ದರಲ್ಲಿ ಮೂರರಲ್ಲೆರಡು ಪಾಲನ್ನು ನುಂಗಿ ಉಳಿದದ್ದನ್ನು ಹೇಳುತ್ತೇವೆ. ಹೆಚ್ಚು ಕೊಟ್ಟವನು ಪೆದ್ದ, ಕಡಿಮೆಗೆ ತಂದವನು ಗಂಡು. ಬೊನಿ ಅಂಕಲ್ ಇಪ್ಪತ್ತು ವರ್ಷ ಪಿಕ್ನಿಕ್ಕಿನಿಂದ ಪಿಕ್ನಿಕ್ಕಿಗೆ ಓಡಾಡಿ, ತಟ್ಟೆ ಹಿಡಿದು ನಿಂತು, ಈ ಸುಳ್ಳುಗಳನ್ನೆಲ್ಲ ಶ್ರದ್ಧೆಯಿಂದ ಕೇಳಿ ನೆನಪಿಟ್ಟುಕೊಂಡಿದ್ದರು. ಸೋಫಾ, ಟಿವಿ, ಟೊಯೋಟಾ ಬಗ್ಗೆ ಅವರಿಗಿದ್ದ ಜ್ಞಾನವೆಲ್ಲ ನಮ್ಮ ಜಂಬದಿಂದ ಬಂದದ್ದು.

ಬಂದೂಕಿನ ವಿಷಯ ಮಾತ್ರ ಬೇರೆ. ಅದನ್ನು ಅವರು ನಮ್ಮಿಂದ ಕಲಿಯುವಂತಿರಲಿಲ್ಲ, ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಲೈಸೆನ್ಸ್ ತೆಗೆದು, ಒಂದು ರೈಫಲ್ ಕ್ಲಬ್ಬಿಗೆ ಸೇರಿ, ಅಲ್ಲಿನ ಮುದುಕರ ಜೊತೆ ಭಾನುವಾರಗಳನ್ನು ಕಳೆದು ಕಲಿತಿದ್ದರು. ಸಿಡ್ನಿಯಿಂದ ದೂರದ ಗೌಲ್‌ಬರ್ನ್ ಊರಿನ ಆಚೆ ಕುರಿ ಸಾಕುವ ರೈತನೊಬ್ಬ ಅಲ್ಲೇ ಸ್ನೇಹಿತನಾಗಿ, ತನ್ನ ಜಮೀನಿಗೆ ಬಂದು ನರಿ ಹೊಡೆಯಲು ಅನುಮತಿ ಕೊಟ್ಟಿದ್ದ. ಕುರಿ ಮರಿ ಹಾಕುವ ಕಾಲಕ್ಕೆ ನರಿಗಳು ಬಂದು ಹುಟ್ಟಿದ ಮರಿಯ ನಾಲಿಗೆ ಕಿತ್ತು ಹೋಗುತ್ತವೆ. ಅಂಕಲ್ ಬಳಿ ಇದ್ದುದು ತೆಳು ನಳಿಗೆಯ ಹಳೆಯ ರೈಫಲ್. ಎರಡು ಗುಂಡು ಹೊಡೆದರೆ ನಳಿಗೆ ಕಾದು ಮೂರನೆಯದು ಎಲ್ಲಿಗೋ ಹೋಗುತ್ತಿತ್ತು. ಗುಂಡು ಹಾರಿದಾಗಿನ ಅದರ ಒದೆತವನ್ನು ಆಪರೇಷನ್ ಆದ ಭುಜವೂ ತಾಳುತ್ತಿರಲಿಲ್ಲ. ಹಿಂದಿನ ವರ್ಷ ಒಂದು ನರಿ ಮೂರೂ ಗುಂಡುಗಳನ್ನು ನೋಡಿ ನಿಧಾನವಾಗಿ ನಡೆದುಹೋಯಿತಂತೆ. ರೈತ ನಗುತ್ತಲೇ ಹೇಳಿದ್ದ: "ಬೊನಿ, ಮುಂದಿನ ಸಲ ನೆಟ್ಟಗೆ ಹೊಡೆಯುವುದನ್ನು ತಾ. ಇಲ್ಲವಾದರೆ ಬರೀ ಟೀ ಕುಡಿಯಲು ಬಾ."

ಆ ಮಾತು ಅವರನ್ನು ಕೊರೆಯುತ್ತಿತ್ತು. ಬೇಕಿದ್ದುದು ದಪ್ಪ ನಳಿಗೆಯ ರೈಫಲ್. ಅದನ್ನು ಹೆಗಲಿಗೆ ಹಾಕಿ ಕಾಡು ಸುತ್ತಲು ಆಗುವುದಿಲ್ಲ, ಅಷ್ಟು ಭಾರ. ದಿಬ್ಬದ ಮೇಲೆ ಒಯ್ದು, ಮಲಗಿಸಿ, ತಾವೂ ಪಕ್ಕದಲ್ಲಿ ಮಲಗಿ, ದೂರದ ನರಿಗೋ ಮೊಲಕ್ಕೋ ಕಾಯುವುದು. ಭಾರವಿರುವುದರಿಂದ ಒದೆಯುವುದಿಲ್ಲ; ದಪ್ಪವಿರುವುದರಿಂದ ಕಾದರೂ ಗುರಿ ಅಲುಗದು. ಅಂಥದ್ದೊಂದು ಮೆಲ್ಬರ್ನ್‌ನ ಟ್ರುಗನಿನಾ ಬಡಾವಣೆಯಲ್ಲಿ, ವಸುಧಾಳ ಗಂಡ ನಾಗೇಶನ ಮನೆಯಲ್ಲಿತ್ತು. ಗೃಹಪ್ರವೇಶದ ದಿನ ನಾಗೇಶ ಅದನ್ನು ಹೊರತೆಗೆದು ತೋರಿಸಿದಾಗ ಅಂಕಲ್ ಊಟದ ಪಂಕ್ತಿಯನ್ನೇ ಬಿಟ್ಟು ಅದರ ಮುಂದೆ ನಿಂತಿದ್ದರು.

ನಾಗೇಶ ಮೈಸೂರಿನವನು, ಐಟಿ ಕೆಲಸ. ಯಾರೋ ಆಫೀಸಿನ ಗೆಳೆಯ ಬೇಟೆಗೆ ಕರೆದನೆಂದು ಲೈಸೆನ್ಸ್ ಮಾಡಿಸಿ ಬಂದೂಕು ಕೊಂಡ. ಬೇಟೆಗೆ ಹೋಗಲು ಕೊನೆಗೂ ರಜೆ ಸಿಗಲಿಲ್ಲ. ಆದರೆ ಆಯುಧಪೂಜೆಗೆ ಕಾರು, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲಿ ಇಡಲು ನಿಜವಾದ ಒಂದು ಆಯುಧ ಇಡೀ ಟ್ರುಗನಿನಾದಲ್ಲಿ ಇದ್ದುದು ಅವನೊಬ್ಬನ ಮನೆಯಲ್ಲೇ. ಪ್ರತಿ ವರ್ಷ ನಳಿಗೆಯ ಮೇಲೆ ಮೂರು ಪಟ್ಟೆ ವಿಭೂತಿ ಎಳೆದು, ಗಂಧ ಮೆತ್ತಿ, ಕುಂಕುಮ ಇಡುತ್ತಿದ್ದ. ಪೂಜೆಯಾದದ್ದನ್ನು ಅಂದೇ ಒರೆಸಬಾರದು ಎಂದು ಅವನ ತಾಯಿ ಫೋನಿನಲ್ಲಿ ಹೇಳಿದ್ದರು. ಬಂದೂಕನ್ನು ಹೊರಗೆ ಬಿಡಬಾರದು ಎಂದು ಕಾನೂನು ಹೇಳಿತ್ತು. ಎರಡನ್ನೂ ಪಾಲಿಸಿದ ನಾಗೇಶ ಒದ್ದೆ ಗಂಧ, ಕುಂಕುಮ, ಚೆಂಡುಹೂವಿನ ಸಮೇತ ಬಂದೂಕನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ಒಂದು ದಿನ ಆಫೀಸಿನಲ್ಲೇ ಎದೆನೋವು ಬಂದು ಹೋಗಿಬಿಟ್ಟ. ವಯಸ್ಸು ನಲವತ್ತೆರಡು.

ಮನೆಯಲ್ಲಿ ಬೇರೆ ಯಾರಿಗೂ ಲೈಸೆನ್ಸ್ ಇರಲಿಲ್ಲವಾದ್ದರಿಂದ ಬಂದೂಕು ಮಾರಿದ ಅಂಗಡಿಗೇ ಮರಳಿತು. ಇಟ್ಟುಕೊಂಡದ್ದಕ್ಕೆ ತಿಂಗಳ ಬಾಡಿಗೆ. ಮಾರ್ಟ್‌ಗೇಜಿನ ಜೊತೆಗೆ ಇದೊಂದು ಏಕೆ ಎಂದು ವಸುಧಾ ಮಾರಲು ಹೊರಟಳು. ಸಿಡ್ನಿ ಬಿಟ್ಟು ಟ್ರುಗನಿನಾದ ಮಗಳ ಮನೆಯಲ್ಲಿ ಬಂದು ನೆಲೆಸಿದ್ದ ನನಗೆ ಸಿಕ್ಕಾಗ, "ಆಂಟಿ, ನಂಗೆ ಇದರಲ್ಲಿ ಏನೂ ಗೊತ್ತಾಗಲ್ಲ. ಬೊನಿ ಅಂಕಲ್ ಬಂದು ರೇಟ್ ಹೇಳಿದ್ರೆ ಸಾಕು" ಎಂದಳು. ನಾನು ಫೋನ್ ಮಾಡಿದೆ. ಅಂಕಲ್ ಟಿಕೆಟ್ ಬುಕ್ ಮಾಡಿದ ಮೇಲೆಯೇ "ಯಾವ ಬಂದೂಕು?" ಎಂದು ಕೇಳಿದರು. ಗೊತ್ತಿಲ್ಲದವರಂತೆ.

ಈಗ ಅಂಗಡಿಗೆ ಮರಳುತ್ತೇನೆ. ಮೂಸಿ ಮುಗಿದ ಮೇಲೆ ಅಂಕಲ್ ಕನ್ನಡಕ ಹಾಕಿ ನಳಿಗೆಯ ಮೇಲಿನ ಕಲೆಗಳನ್ನು ನೋಡಿದರು. ಮೂರು ಪಟ್ಟೆ, ನಡುವೆ ಒಂದು ದುಂಡನೆಯ ಬೊಟ್ಟು, ಕಂದು ತುಕ್ಕಿನಲ್ಲಿ ಅಚ್ಚೊತ್ತಿದಂತೆ ಕೂತಿದ್ದವು.

"ಏನೋ ಆಸಿಡ್ ಬಿದ್ದಿದೆ. ಇಂಥದ್ದನ್ನು ನಾನು ನೋಡೇ ಇಲ್ಲ, ಮೇಟ್" ಎಂದ ಗ್ಲೆನ್.

"ಆಸಿಡ್ ಅಲ್ಲ, ಅದು ದೇವರದು" ಎಂದಳು ವಸುಧಾ.

ಗ್ಲೆನ್ ಗೌರವದಿಂದ ತಲೆಯಾಡಿಸಿ, ದೇವರದಾದರೂ ತುಕ್ಕು ತುಕ್ಕೇ, ನಾನೂರು ಡಾಲರ್ ಕೊಡುತ್ತೇನೆ ಎಂದ. ವಸುಧಾಳ ಮುಖ ಬಾಡಲಿಲ್ಲ. "ಪರವಾಗಿಲ್ಲ ಅಂಕಲ್, ನಾಗೇಶ್ ಇದನ್ನ ತಂದಿದ್ದೇ ಐನೂರಕ್ಕೆ. ಪಿಕ್ನಿಕ್‌ನಲ್ಲಿ ಎಲ್ಲರಿಗೂ ಹೇಳಿದ್ರಲ್ಲ" ಎಂದಳು. ಅದನ್ನು ಇಂಗ್ಲಿಷಿನಲ್ಲಿ ಗ್ಲೆನ್‌ಗೂ ಹೇಳಿದಳು. ಆ ಬಂದೂಕನ್ನು ನಾಗೇಶನಿಗೆ ಮಾರಿದವನೇ ಗ್ಲೆನ್, ಅಸಲು ಬೆಲೆ ಬಲ್ಲವನು. ಅವನು ಬಾಯಿ ತೆರೆದು, ಮುಚ್ಚಿ, ಬಟ್ಟೆ ತೆಗೆದುಕೊಂಡು ಗಾಜನ್ನು ಒರೆಸತೊಡಗಿದ. ಗಾಜು ಆಗಲೇ ಚೊಕ್ಕಟವಾಗಿತ್ತು.

ಅಂಕಲ್ ಗುಂಡಿನ ಜಾಗವನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಹೊರಗೆಳೆದು, ನಳಿಗೆಯ ಬಾಯಿಯ ಅಂಚನ್ನು ಉಗುರಿನಿಂದ ಸವರಿ, ಒಳಗೆ ನೋಡಬೇಕೆಂದರು. ಗ್ಲೆನ್ ತೆಳು ತಂತಿಯ ಕ್ಯಾಮೆರಾ ಇಳಿಸಿದ. ಪರದೆಯ ಮೇಲೆ ಸುರುಳಿಯಾಗಿ ತಿರುಗುವ ಗೆರೆಗಳು ಕಂಡವು. ವಸುಧಾ "ಪೈಪ್ ಥರ ಇದೆ" ಎಂದಳು. ಅಂಕಲ್ ಕ್ಯಾಮೆರಾವನ್ನು ಗುಂಡು ಕೂರುವ ಜಾಗದ ಹತ್ತಿರ ನಿಲ್ಲಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, "ಸಿಸ್ಟರ್, ಸ್ವಲ್ಪ ಗಾಳಿ ಬೇಕು" ಎಂದು ಹೊರನಡೆದರು. ನಾನು ಹಿಂದೆ ಹೋದೆ.

ಪಾರ್ಕಿಂಗ್‌ನಲ್ಲಿ ನನ್ನ ಕಾರಿಗೆ ಒರಗಿ ನಿಂತಿದ್ದರು.

"ಒಳಗೆ ನೋಡಿದ್ರಾ?"

"ನೋಡಿದೆ. ಎಂಡೋಸ್ಕೋಪಿ ಆಗಿದ್ದರೆ ಹೇಳುತ್ತಿದ್ದೆ, ಹೊಟ್ಟೆ ಚೆನ್ನಾಗಿದೆ ಅಂತ."

"ಚೆನ್ನಾಗಿ ಅಲ್ಲ ಮಾರಾಯ್ರೆ, ಹಾಲು ಕುಡಿಯುವ ಮಗುವಿನ ಹೊಟ್ಟೆ ಅದು! ಗುಂಡು ಹೊಡೆದು ಹೊಡೆದು ಮೊದಲು ಸವೆಯೋದು ಬುಡದಲ್ಲಿ. ಅಲ್ಲಿ ಫ್ಯಾಕ್ಟರಿಯ ಗೀರು ಸಹ ಹಾಗೇ ಉಂಟು. ನಾಗೇಶ ಇದಕ್ಕೆ ಪೂಜೆ ಮಾಡಿದ್ದು ಬಿಟ್ರೆ ಬೇರೆ ಎಂತ ಮಾಡ್ಲಿಲ್ಲ. ಹೊರಗಿನ ತುಕ್ಕು ಚರ್ಮದ ಕಜ್ಜಿ, ಅಷ್ಟೇ."

"ಹಾಗಾದರೆ ಬೆಲೆ?"

"ದುರ್ಬೀನು ಸೇರಿ ಸಾವಿರದ ಇನ್ನೂರು. ಒಂದು ಕಾಸು ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಗ್ಲೆನ್ ನಾನೂರು ಎಂದನಲ್ಲ."

"ಅವ ವ್ಯಾಪಾರಿ. ಚರ್ಮ ತೋರಿಸಿದ, ಹೊಟ್ಟೆ ಬಗ್ಗೆ ಬಾಯಿ ಬಿಡ್ಲಿಲ್ಲ. ಅವನದ್ದು ಹೋಗ್ಲಿ. ನಾನೀಗ ಒಳಗೆ ಹೋಗಿ ನಾನೂರೈವತ್ತು ಅಂದ್ರೆ ಈ ಹುಡುಗಿ ಥ್ಯಾಂಕ್ಸ್ ಅಂಕಲ್ ಅಂತ ಕೊಟ್ಟುಬಿಡ್ತಾಳೆ. ಮೇಲಿಂದ ಊಟಕ್ಕೂ ಕರೀತಾಳೆ."

"ಕರೆಯುತ್ತಾಳೆ. ಬೆಳಿಗ್ಗೆಯೇ ಬಿಸಿಬೇಳೆಬಾತ್ ಮಾಡಿಟ್ಟಿದ್ದಾಳೆ."

ಅಂಕಲ್ ಕಾರಿನ ಗಾಜಿನಲ್ಲಿ ತಮ್ಮ ಮುಖವನ್ನು ನೋಡಿಕೊಂಡರು. "ಬಿಸಿಬೇಳೆಬಾತ್ ಮಾಡ್ಬಾರ್ದಿತ್ತು" ಎಂದರು.

ನಾನು ಪಕ್ಕದಲ್ಲೇ ನಿಂತೆ. ರೋಗಿ ತಾನೇ ಎದ್ದು ನಡೆಯಲು ಹೊರಟಾಗ ಕೈ ಹಿಡಿಯಬಾರದು. ಬಿದ್ದರೆ ಹಿಡಿಯುವಷ್ಟು ಹತ್ತಿರ ನಿಂತರೆ ಸಾಕು. ಅವರು ಅಂಗಿ ಸರಿಮಾಡಿಕೊಂಡು ಒಳಗೆ ಹೋದರು.

"ವಸುಧಾ, ನೋಡು. ಇದರ ನಿಜವಾದ ಬೆಲೆ ಸಾವಿರದ ಇನ್ನೂರು. ನಾನೇ ಕೊಟ್ಟು ತಗೊಳ್ತೇನೆ."

ಜೀವಮಾನದಲ್ಲಿ ಮೊದಲ ಸಲ ಬೊನಿ ಅಂಕಲ್ ಒಂದು ಬೆಲೆಯನ್ನು ಏರಿಸಿದ್ದರು. ಗ್ಲೆನ್ ಬಟ್ಟೆ ಕೆಳಗಿಟ್ಟ. ನಾನು ವಸುಧಾಳ ಮುಖ ನೋಡಿದೆ. ಅಲ್ಲಿ ಸಂತೋಷ ಕಾಣುವುದರ ಬದಲು ಹುಬ್ಬು ಗಂಟಾಯಿತು.

ಅವಳ ಲೆಕ್ಕ ನನಗೆ ಆ ಕ್ಷಣವೇ ಅರ್ಥವಾಯಿತು, ನಾನೂ ಅದೇ ಪಿಕ್ನಿಕ್ಕುಗಳಲ್ಲಿ ಪಳಗಿದವಳಲ್ಲವೇ. ಗಂಡ ತಂದದ್ದು ಐನೂರಕ್ಕೆ. ಅಂಗಡಿಯವನು ಹೇಳಿದ್ದು ನಾನೂರು. ಬೆಲೆ ಇಳಿಸುವುದರಲ್ಲಿ ಸಿಡ್ನಿಗೆಲ್ಲ ಹೆಸರಾದ ಮನುಷ್ಯ ತಾನಾಗಿ ಸಾವಿರದ ಇನ್ನೂರು ಕೊಡುತ್ತೇನೆ ಎನ್ನುತ್ತಿದ್ದಾನೆ. ಅಂದಮೇಲೆ ಈ ಬಂದೂಕಿನಲ್ಲಿ ಏನೋ ಇದೆ. ಮೂರು ಸಾವಿರ ಬಾಳುವಂಥದ್ದು ಏನೋ.

"ನಾನು ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ ಅಂಕಲ್" ಎಂದಳು, ಬಹಳ ಮರ್ಯಾದೆಯಿಂದ. "ಬೆಂಗಳೂರಲ್ಲಿ ನಮ್ಮಣ್ಣನ್ನೂ ಒಂದ್ಮಾತು ಕೇಳ್ತೀನಿ. ಅರ್ಜೆಂಟ್ ಏನಿಲ್ಲ ಅಲ್ವಾ?"

"ಯೋಚನೆ ಎಂತದ್ದು? ನಾನು ಸತ್ಯ ಹೇಳ್ತಾ ಇದ್ದೇನೆ!"

"ಅಯ್ಯೋ, ನಾನೆಲ್ಲಿ ಇಲ್ಲ ಅಂದೆ ಅಂಕಲ್? ನಿಮ್ಮ ಮೇಲೆ ನಂಬಿಕೆ ಇಲ್ವಾ?" ಹಾಗೆನ್ನುತ್ತಲೇ ಬಂದೂಕನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು.

ಅಂಕಲ್ ನನ್ನ ಕಡೆ ನೋಡಿದರು. ಅಪಘಾತವಾದ ಲಾರಿಗಳ ಮಾಲೀಕರು ಅವರನ್ನು ಹೇಗೆ ನೋಡುತ್ತಿದ್ದಿರಬಹುದು ಎಂದು ನನಗೆ ಆಗ ಗೊತ್ತಾಯಿತು. ಅಣ್ಣ ಬೆಂಗಳೂರಿನಿಂದ ಏನು ಹೇಳುತ್ತಾನೆ ಎಂಬುದೂ ಗೊತ್ತಿತ್ತು: ಕೊಡಬೇಡ, ಕಾಯಿ. ಅವಳು ಕಾಯುತ್ತಾಳೆ. ತಿಂಗಳ ಬಾಡಿಗೆ ಏರುತ್ತದೆ. ಮೂರು ಸಾವಿರಕ್ಕೆ ಯಾರೂ ಬರುವುದಿಲ್ಲ. ಕೊನೆಗೆ ಬೇಸತ್ತು ಗ್ಲೆನ್‌ನ ನಾನೂರಕ್ಕೇ ಬಿಡುತ್ತಾಳೆ.

ಅಂಕಲ್ ಕನ್ನಡಕ ತೆಗೆದರು. ಮತ್ತೆ ಬಗ್ಗಿದರು. ಮೂಸಿದರು. ಈ ಸಲ ಮುಖ ಹುಳಿ ಹಿಂಡಿದಂತಾಯಿತು.

"ಛೆ ಛೆ. ನನಗೆ ವಯಸ್ಸಾಯ್ತು ಸಿಸ್ಟರ್. ಈ ತುಕ್ಕು ನಾನು ಸರಿಯಾಗಿ ನೋಡ್ಲೇ ಇಲ್ಲ." ನಳಿಗೆಯ ಮೇಲೆ ಬೆರಳಾಡಿಸಿದರು. "ಇದು ಹಳೇ ಪೆಟ್ಟು. ದುರ್ಬೀನೂ ಎಂತ ದೊಡ್ಡದಲ್ಲ. ಸಾವಿರದ ಇನ್ನೂರಾ? ಯಾರಾದ್ರೂ ಕೊಡ್ತಾರಾ! ಏಳುನೂರು. ಅದೂ ನಾಗೇಶನ ಮುಖ ನೋಡಿ."

ವಸುಧಾ ಥಟ್ಟನೆ ತಲೆಯೆತ್ತಿದಳು. "ಏನಂಕಲ್, ಈಗ ತಾನೇ ಸಾವಿರದ ಇನ್ನೂರು ಅಂದ್ರಿ!"

"ಬಾಯಿ ತಪ್ಪಿ ಬಂತು."

"ಆಂಟಿ ಇದ್ರು, ಗ್ಲೆನ್ ಇದ್ರು, ಎಲ್ಲರೂ ಕೇಳಿಸ್ಕೊಂಡಿದ್ದಾರೆ. ಆಂಟಿ, ಹೇಳಿದ್ರೋ ಇಲ್ವೋ?"

"ಹೇಳಿದರು" ಎಂದೆ.

"ನೋಡಿ! ದೊಡ್ಡೋರು ಮಾತಿಗೆ ತಪ್ಪಬಾರದು ಅಂಕಲ್."

"ಎಂಟುನೂರು."

"ಆಗಲ್ಲ."

"ಒಂಬೈನೂರು, ಮತ್ತೆ ನಾನು ಹೊರಟೆ. ನನ್ನ ವಿಮಾನ ಉಂಟು." ಬಾಗಿಲವರೆಗೆ ಹೋಗಿಯೂ ಬಂದರು. ಕಾಲು ಎಳೆಯುತ್ತ ಹೋದ ಆ ನಡಿಗೆಯನ್ನು ನಾನು ಟೂಂಗಾಬಿಯಲ್ಲಿ ಹತ್ತಾರು ಸಲ ನೋಡಿದ್ದೆ. ಆದರೆ ಈ ಸಲ ಯಾರೂ ಕರೆಯದೆಯೇ ತಿರುಗಿ ಬಂದರು.

"ಸಾವಿರದ ಇನ್ನೂರು" ಎಂದಳು ವಸುಧಾ, ಕೈ ಕಟ್ಟಿಕೊಂಡು. "ಮತ್ತೆ ಆ ಬಂದೂಕಿನ ಚೀಲಕ್ಕೆ ಐವತ್ತು ಬೇರೆ."

"ಚೀಲಕ್ಕೂ!" ಅಂಕಲ್ ಹಣೆ ಚಚ್ಚಿಕೊಂಡರು. "ಎಂತ ಹುಡುಗಿ ಮಾರಾಯ್ರೆ ಇವಳು! ನನ್ನ ಸರ್ವೀಸಿನಲ್ಲಿ ಇಂಥವರನ್ನು ನೋಡ್ಲಿಲ್ಲ. ತಗೋ, ತಗೋ, ನನ್ನನ್ನು ಮಾರಿ ತಗೋ."

ಗ್ಲೆನ್‌ಗೆ ಕನ್ನಡ ಬಾರದಿದ್ದರೂ ಅಂಕಿಗಳು ಇಂಗ್ಲಿಷಿಗೆ ಜಾರುತ್ತಿದ್ದುದರಿಂದ ಆಟ ಅರ್ಥವಾಗಿತ್ತು. "ಈ ಮೇಟ್ ಮೊದಲು ಹೇಳಿದ್ದೂ ಅದೇ ಅಲ್ಲವಾ?" ಎಂದು ನನ್ನ ಕಿವಿಯಲ್ಲಿ ಕೇಳಿದ. ನಾನು ತುಟಿಯ ಮೇಲೆ ಬೆರಳಿಟ್ಟೆ. ವಾರ್ಡಿನ ಅಭ್ಯಾಸ, ಯಾರೂ ಮೀರುವುದಿಲ್ಲ. ಅವನು ಸುಮ್ಮನೆ ಕಾಗದಪತ್ರ ತೆಗೆದ. ಅಂಕಲ್‌ಗೆ ಸಿಡ್ನಿಯಲ್ಲಿ ಈ ಬಂದೂಕಿಗೆಂದೇ ಬೇರೆ ಪರವಾನಗಿ ಬಂದ ಮೇಲೆ ಬಂದೂಕು ಈ ಅಂಗಡಿಯಿಂದ ಅಲ್ಲಿನ ಇನ್ನೊಂದು ಅಂಗಡಿಗೆ ಹೋಗಿ, ಅಲ್ಲಿಂದ ಅವರ ಕೈಗೆ ಬರಬೇಕು. ಅವರು ಹಣ ಕಟ್ಟಿ, ಸಹಿ ಹಾಕಿ, ಬಂದೂಕಿನ ದಪ್ಪ ನಳಿಗೆಯನ್ನು ಒಮ್ಮೆ ಅಂಗೈಯಿಂದ ತಟ್ಟಿದರು.

ಊಟ ವಸುಧಾಳ ಮನೆಯಲ್ಲಿ. ಅಂಕಲ್ ಎರಡು ಸಲ ಬಡಿಸಿಕೊಂಡರು, ಎರಡು ಸಲವೂ "ದುಬಾರಿ ಊಟ" ಎಂದು ನರಳಿದರು. ವಸುಧಾ ನಕ್ಕಳು. ನಾಗೇಶ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಏರ್‌ಪೋರ್ಟಿನಲ್ಲಿ ಕಾರಿನಿಂದ ಇಳಿಯುತ್ತ ಹೇಳಿದರು: "ಸಿಸ್ಟರ್, ಟೂಂಗಾಬಿಯವರು ಕೇಳ್ತಾರೆ. ವಸುಧಾ ನನ್ನ ಚರ್ಮ ಸುಲಿದ್ಲು ಅಂತ ಹೇಳಿ. ಸ್ವಲ್ಪ ಹೆಚ್ಚೇ ಹೇಳಿ."

"ನಿಮ್ಮ ಹೆಸರು ಹೋಗುತ್ತದೆ."

"ಹೋಗ್ಲಿ. ಆ ಹೆಸರಿಗೆ ಇವತ್ತು ಎಷ್ಟು ಬೆಲೆ ಅಂತ ಗೊತ್ತಾಯ್ತಲ್ಲ. ಸತ್ಯ ಹೇಳಿದ್ರೆ ಒಬ್ಬರೂ ನಂಬುದಿಲ್ಲ ಮಾರಾಯ್ರೆ." ಭುಜ ಒತ್ತಿಕೊಳ್ಳುತ್ತ ಒಳಗೆ ಹೋದರು. ಬಾಗಿಲಲ್ಲಿ ಒಂದು ಸೂಟ್‌ಕೇಸ್ ಗಾಡಿಯನ್ನು ಅಲ್ಲಾಡಿಸಿ ನೋಡಿ, ತಲೆ ಕೊಡವಿ, ಮರೆಯಾದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಹೆಸರು ಹೋಯಿತು. ಎರಡು ವಾರದೊಳಗೆ ಸಿಡ್ನಿ, ಮೆಲ್ಬರ್ನ್ ಎರಡೂ ಕಡೆ ಸುದ್ದಿಯಾಗಿ, ಟೂಂಗಾಬಿಯ ಜನ ಹಳೆಯ ಕಾರು ನೋಡಲು ಹೋಗುವಾಗ ವಸುಧಾಳಿಗೆ ವಿಡಿಯೋ ಕಾಲ್ ಮಾಡತೊಡಗಿದರು. ಬಂದೂಕು ಮೇ ತಿಂಗಳಲ್ಲಿ ಅಂಕಲ್ ಕೈಸೇರಿತು. ಎರಡು ವಾರಾಂತ್ಯ ಗೌಲ್‌ಬರ್ನ್ ಆಚೆಗೆ ಹೋಗಿ ಬಂದರು. ಆ ಸಲ ರೈತ ಅವರನ್ನು ಟೀಗೆ ಕರೆದದ್ದು ಕೆಲಸ ಮುಗಿದ ಮೇಲೆ ಎಂದು ಫೋನಿನಲ್ಲಿ ಹೇಳಿದರು. ಜುಲೈಯಲ್ಲಿ, ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ನಾನು ಆಗ ಮೆಲ್ಬರ್ನ್‌ನಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ.

ಆ ಶನಿವಾರ ಏರ್‌ಪೋರ್ಟಿನಿಂದ ಮನೆಗೆ ಬಂದು, ಕಾರು ನಿಲ್ಲಿಸಿ, ಕಾರಿನಲ್ಲಿ ಒಯ್ದಿದ್ದ ಕಾಫಿಯ ಫ್ಲಾಸ್ಕ್ ತೊಳೆದು ಬೋರಲು ಹಾಕಿದೆ. ವಸುಧಾಳಿಗೆ ಫೋನ್ ಮಾಡಿ, ಅಂಕಲ್ ವಿಮಾನ ಹತ್ತಿದರು, ಹಣ ಸೋಮವಾರ ನಿನ್ನ ಖಾತೆಗೆ ಬರುತ್ತದೆ ಎಂದು ತಿಳಿಸುವುದೊಂದು ಉಳಿದಿತ್ತು. ಅದನ್ನೂ ಮಾಡಿದೆ.

"ಆಂಟಿ, ನಾಗೇಶ್ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು ಗೊತ್ತಾ?" ಎಂದಳು. "ಅವ್ರು ಐನೂರಕ್ಕೆ ತಂದಿದ್ದು. ನಾನು ಬೊನಿ ಅಂಕಲ್‌ಗೇ ಸಾವಿರದ ಇನ್ನೂರೈವತ್ತಕ್ಕೆ ಮಾರಿದೆ!"

"ಹೌದಮ್ಮ. ಇಬ್ಬರೂ ಜಾಣರು" ಎಂದು ಹೇಳಿ ಫೋನ್ ಇಟ್ಟು, ದೀಪ ಆರಿಸಿದೆ.